ಅಮೆಜಾನಿನ ವಿಕಾರಿಯೇಟ್‌ಗೆ ತಮ್ಮನನ್ನು ಕಳಿಸುವ ಮುನ್ನ

ಪ್ರಶ್ನೆ: ನನ್ನ ತಮ್ಮ ಮಲೆನಾಡಿನ ಕಡೆಯ ಒಂದು ಧರ್ಮಕೇಂದ್ರದಲ್ಲಿ ಫಾದರ್ ಆಗಿದ್ದಾನೆ. ಯಾವ ಸನ್ಯಾಸಿ ಸಭೆಗೂ ಸೇರಿದವನಲ್ಲ, ಧರ್ಮಪ್ರಾಂತ್ಯದ (ಡಯೋಸಿಸ್) ಗುರು. ಪೆರು ದೇಶದ ಅಮೆಜಾನ್ ಭಾಗದಲ್ಲಿರುವ ಪುಯೆರ್ಟೊ ಮಾಲ್ಡೊನಾಡೊ ಎಂಬ ‘ಅಪೊಸ್ತಲಿಕ್ ವಿಕಾರಿಯೇಟ್’ಗೆ ಐದು ವರ್ಷದ ಮಟ್ಟಿಗೆ ಹೋಗುತ್ತೀರಾ ಎಂದು ಬಿಷಪರು ಕೇಳಿದ್ದಾರಂತೆ. ಅವನು ಒಪ್ಪುವ ಹಾಗೆ ಕಾಣುತ್ತದೆ. ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಅದು ಡಯೋಸಿಸ್ ಅಲ್ಲ, ಅಲ್ಲಿ ನಿಜವಾದ ಬಿಷಪ್ ಇರುವುದಿಲ್ಲ, ಐದು ವರ್ಷ ಆದ ಮೇಲೆ ಅಲ್ಲಿಯವರೇ ಆಗಿಬಿಡುತ್ತಾರೆ, ವಾಪಸ್ ಬರಲಾಗುವುದಿಲ್ಲ, ಕಾಡುಜನರ ನಡುವೆ ಬಿಟ್ಟು ಬರುತ್ತಾರೆ. ಇದು ಎತ್ತಂಗಡಿಯೇ ಎಂದು ಕೇಳಿದವರೂ ಇದ್ದಾರೆ. ಅಮ್ಮನಿಗೆ 74 ವರ್ಷ. ಅವನು ಕಾಯಿಲೆ ಬಿದ್ದರೆ ನೋಡುವವರು ಯಾರು, ಖರ್ಚು ಯಾರದು? ಹೋಗಬೇಡ ಎನ್ನಲು ನನಗೆ ಮನಸ್ಸಿಲ್ಲ. ಏನೇನು ಕೇಳಿಕೊಂಡು ಹೋಗಬೇಕು ಎಂದಾದರೂ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ಆ ಜಾಗ ಎಂಥದ್ದು ಎಂಬುದು ಒಂದು, ತಮ್ಮನವರ ಹಿಂದೆ ಯಾರು ನಿಂತಿರುತ್ತಾರೆ ಎಂಬುದು ಇನ್ನೊಂದು. ಊರಿನ ಮಾತೆಲ್ಲ ಮೊದಲನೆಯದರ ಸುತ್ತ ಸುತ್ತುತ್ತಿದೆ. ನೀವು ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಎರಡನೆಯದರ ಬಗ್ಗೆ, ಏಕೆಂದರೆ ಅದಕ್ಕೆ ಉತ್ತರ ಕಾಗದದ ಮೇಲೆ ಬರುವಂತೆ ಮಾಡಲು ಈಗ ಸಾಧ್ಯವಿದೆ, ವಿಮಾನ ಹತ್ತಿದ ಮೇಲೆ ಕಷ್ಟ.

ಮೊದಲು ವಿಕಾರಿಯೇಟ್ ಎಂದರೇನು ನೋಡೋಣ. ಧರ್ಮಸಭೆಯ ಕಾನೂನಿನ 371ನೇ ನಿಯಮದ ಪ್ರಕಾರ, ವಿಶೇಷ ಪರಿಸ್ಥಿತಿಗಳಿಂದಾಗಿ ಇನ್ನೂ ಧರ್ಮಪ್ರಾಂತ್ಯವಾಗಿ ಸ್ಥಾಪನೆಯಾಗದ ವಿಶ್ವಾಸಿಗಳ ಸಮುದಾಯ ಅದು. ಅದನ್ನು ಒಬ್ಬ ಅಪೊಸ್ತಲಿಕ್ ವಿಕಾರ್ ಪೋಪ್ ಅವರ ಹೆಸರಿನಲ್ಲಿ ಆಳುತ್ತಾರೆ. ವ್ಯತ್ಯಾಸ ಇಷ್ಟೇ: ಧರ್ಮಪ್ರಾಂತ್ಯದ ಬಿಷಪರಿಗೆ ಆಡಳಿತದ ಅಧಿಕಾರ ಸ್ವಂತದ್ದು, ವಿಕಾರ್ ಅವರಿಗೆ ಪೋಪ್ ಪರವಾಗಿ ಬಂದದ್ದು. ಉಳಿದಂತೆ 368ನೇ ನಿಯಮ ವಿಕಾರಿಯೇಟನ್ನು ಧರ್ಮಪ್ರಾಂತ್ಯಕ್ಕೆ ಸಮಾನವಾಗಿಯೇ ಕಾಣುತ್ತದೆ. ‘ನಿಜವಾದ ಬಿಷಪ್ ಇಲ್ಲ’ ಎಂಬುದು ತಪ್ಪು. ಪುಯೆರ್ಟೊ ಮಾಲ್ಡೊನಾಡೊದ ವಿಕಾರ್, ಡೊಮಿನಿಕನ್ ಸಭೆಯ ಡೇವಿಡ್ ಮಾರ್ಟಿನೆಸ್ ದೆ ಅಗಿರ್ರೆ, ಅಭಿಷೇಕಗೊಂಡ ಬಿಷಪರೇ. ಗುರುದೀಕ್ಷೆ ಕೊಡುತ್ತಾರೆ, ವರ್ಗಾವಣೆ ಮಾಡುತ್ತಾರೆ, ಪೆರುವಿನ ಬಿಷಪರ ಸಮ್ಮೇಳನದಲ್ಲಿ ಕುಳಿತುಕೊಳ್ಳುತ್ತಾರೆ.

ಆಡಳಿತ ಮಾತ್ರ ತೆಳ್ಳಗಿರುತ್ತದೆ. ನಿಮ್ಮ ಧರ್ಮಪ್ರಾಂತ್ಯದಲ್ಲಿ ಗುರುಗಳ ಮಂಡಳಿ, ಸಲಹೆಗಾರರ ಮಂಡಳಿ ಎಂದು ಬೇರೆ ಬೇರೆ ಇವೆಯಲ್ಲ, ಅಲ್ಲಿ ಆ ಎರಡೂ ಕೆಲಸವನ್ನು ಕನಿಷ್ಠ ಮೂವರು ಮಿಷನರಿ ಗುರುಗಳಿರುವ ಒಂದೇ ಮಂಡಳಿ ಮಾಡಬಹುದು. ಬಿಷಪರು ತೀರಿಕೊಂಡರೆ ಯಾರು ನೋಡಿಕೊಳ್ಳಬೇಕು ಎಂದು ಅಧಿಕಾರ ವಹಿಸಿಕೊಂಡ ಕೂಡಲೇ ಒಬ್ಬ ಪ್ರೊ-ವಿಕಾರ್ ಅವರನ್ನು ನೇಮಿಸಿಡಬೇಕು. ಮೇಲಿನ ಕಚೇರಿ ರೋಮಿನ ಸುವಾರ್ತಾ ಪ್ರಸಾರದ ಇಲಾಖೆ, ಅಂದರೆ 1622ರಲ್ಲಿ ‘ಪ್ರೊಪಗಾಂದಾ ಫೀದೆ’ ಎಂದು ಶುರುವಾದ ಸಂಸ್ಥೆಯ ಇಂದಿನ ರೂಪ.

ಈ ವ್ಯವಸ್ಥೆ ನಮಗೇನೂ ಹೊಸದಲ್ಲ. ಮಂಗಳೂರು ಮತ್ತು ಮೈಸೂರು ಎರಡೂ 1886ರಲ್ಲಿ ಭಾರತದ ಧರ್ಮಾಧಿಕಾರ ಶ್ರೇಣಿ, ಅಂದರೆ ಧರ್ಮಪ್ರಾಂತ್ಯಗಳ ವ್ಯವಸ್ಥೆ, ಸ್ಥಾಪನೆಯಾಗುವವರೆಗೆ ವಿಕಾರಿಯೇಟ್‌ಗಳೇ ಆಗಿದ್ದವು. ಮೈಸೂರನ್ನು ಪ್ಯಾರಿಸ್ ವಿದೇಶ ಮಿಷನ್ನಿನ ಫ್ರೆಂಚ್ ಗುರುಗಳು ನೋಡಿಕೊಂಡರೆ, ಮಂಗಳೂರಿಗೆ 1878ರಲ್ಲಿ ಯೇಸುಸಭೆಯವರು ಬಂದರು. ಆಗ ನಮ್ಮಲ್ಲಿ ಹೊರಗಿನ ಕೈಗಳು ಮಾಡಿದ ಕೆಲಸಕ್ಕೇ ಈಗ ತಮ್ಮನವರನ್ನು ಕೇಳುತ್ತಿದ್ದಾರೆ. ಎತ್ತಂಗಡಿಯ ಮಾತು ಬಂದರೆ ಇನ್ನೊಂದನ್ನೂ ಹೇಳಿ. ಈಗಿನ ಪೋಪ್ 14ನೇ ಲಿಯೋ ಅವರು 1980ರ ದಶಕದಲ್ಲಿ ಪೆರುವಿಗೆ ಮೊದಲು ಹೋದದ್ದು ಚುಲುಕಾನಾಸ್ ಎಂಬ ಉತ್ತರದ ಊರಿಗೆ. ಆಗ ಅದೂ ಧರ್ಮಪ್ರಾಂತ್ಯವಾಗಿರಲಿಲ್ಲ, ಮಿಷನ್ ಪ್ರಿಲೇಚರ್ ಆಗಿತ್ತು.

ಹಾಗಾದರೆ ಅಲ್ಲಿ ಇನ್ನೂ ಏಕೆ ಧರ್ಮಪ್ರಾಂತ್ಯವಾಗಿಲ್ಲ? 1900ರಲ್ಲಿ ಪೆರುವಿನ ಕಾಡುಭಾಗವನ್ನು ವಿಕಾರಿಯೇಟ್‌ಗೂ ಹಿಂದಿನ ಹಂತವಾದ ಮೂರು ಪ್ರಿಫೆಕ್ಚರ್‌ಗಳಾಗಿ ಹಂಚಿ, ಉತ್ತರವನ್ನು ಅಗಸ್ಟೀನಿಯನ್ನರಿಗೆ, ನಡುವಿನದನ್ನು ಫ್ರಾನ್ಸಿಸ್ಕನ್ನರಿಗೆ, ದಕ್ಷಿಣದ ಉರುಬಾಂಬಾ ಭಾಗವನ್ನು ಡೊಮಿನಿಕನ್ನರಿಗೆ ಒಪ್ಪಿಸಿದರು. ದಕ್ಷಿಣದ್ದು 1913ರಲ್ಲಿ ವಿಕಾರಿಯೇಟ್ ಆಯಿತು, 1949ರಲ್ಲಿ ಪುಯೆರ್ಟೊ ಮಾಲ್ಡೊನಾಡೊ ಎಂಬ ಹೆಸರು ಪಡೆಯಿತು. ಇವತ್ತು ಪೆರುವಿನಲ್ಲಿ ಇಂಥ ಎಂಟು ವಿಕಾರಿಯೇಟ್‌ಗಳಿವೆ. ಧರ್ಮಪ್ರಾಂತ್ಯವಾಗಲು ಸ್ಥಳೀಯ ಗುರುಗಳು ಸಾಕಷ್ಟು ಬೇಕು, ತನ್ನ ಖರ್ಚನ್ನು ತಾನೇ ಹೊರುವ ಶಕ್ತಿ ಬೇಕು. ಎರಡೂ ಅಲ್ಲಿ ಕಡಿಮೆ. ಮಾದ್ರೆ ದೆ ದಿಯೋಸ್ ಪ್ರಾಂತ್ಯದ ಜೊತೆಗೆ ಕುಸ್ಕೊ, ಉಕಯಾಲಿ ಪ್ರಾಂತ್ಯಗಳ ಕೆಲವು ಭಾಗಗಳೂ ಅದಕ್ಕೆ ಸೇರುತ್ತವೆ. ಸುಮಾರು ಒಂದೂವರೆ ಲಕ್ಷ ಚದರ ಕಿಲೋಮೀಟರ್ ಎಂದರೆ ಕರ್ನಾಟಕದ ಮುಕ್ಕಾಲು ಪಾಲು. ಅದರಲ್ಲಿ ಬಹುಪಾಲು ಕಾಡು ಮತ್ತು ಹೊಳೆ.

‘ಕಾಡುಜನರ ನಡುವೆ ಬಿಡುತ್ತಾರೆ’ ಎಂಬ ಮಾತಿಗೆ ಬರುತ್ತೇನೆ. ಈ ಮಾತಿನಲ್ಲಿ ಅಲ್ಲಿನ ಜನರಿಗೆ ಅಗೌರವವೂ ಇದೆ, ತಪ್ಪು ಮಾಹಿತಿಯೂ ಇದೆ. ಪುಯೆರ್ಟೊ ಮಾಲ್ಡೊನಾಡೊ ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕು ಎಲ್ಲ ಇರುವ ಪ್ರಾಂತ್ಯ ರಾಜಧಾನಿ. ಬ್ರೆಜಿಲ್‌ವರೆಗೆ ಹೋಗುವ ಅಂತರ್ಸಾಗರ ಹೆದ್ದಾರಿ ಅದರ ಮೇಲೇ ಹಾದುಹೋಗುತ್ತದೆ, ಮಾದ್ರೆ ದೆ ದಿಯೋಸ್ ಹೊಳೆಗೆ 2011ರಿಂದ ದೊಡ್ಡ ತೂಗುಸೇತುವೆ ಇದೆ. ಪಟ್ಟಣದ ಮತ್ತು ರಸ್ತೆ ಬದಿಯ ಧರ್ಮಕೇಂದ್ರಗಳಿಗೆ ಬರುವವರಲ್ಲಿ ಹೆಚ್ಚಿನವರು ಕುಸ್ಕೊ, ಪುನೊ ಕಡೆಯ ಬೆಟ್ಟಗಳಿಂದ ಚಿನ್ನ, ಮರ, ವ್ಯಾಪಾರ ಎಂದು ಇಳಿದು ಬಂದ ವಲಸಿಗರು, ಮನೆಯಲ್ಲಿ ಕೆಚುವಾ ಆಡುವವರು. ಹೊರಗಿನಿಂದ ಹೊಸದಾಗಿ ಬರುವ ಗುರುವಿಗೆ ಮೊದಲು ಸಿಗುವ ಕೆಲಸ ಸಾಮಾನ್ಯವಾಗಿ ಇವರ ನಡುವೆಯೇ.

ಮೂಲನಿವಾಸಿ ಸಮುದಾಯಗಳ ನಡುವಿನ ಕೆಲಸ ಹೊಳೆಯ ದಾರಿಯದು. ಮಾಚಿಗೆಂಗಾ, ಹರಕ್‌ಬುಟ್, ಎಸೆ ಎಹಾ, ಯಿನೆ ಮುಂತಾದ ಜನರ ಊರುಗಳು ಉರುಬಾಂಬಾ, ಮಾದ್ರೆ ದೆ ದಿಯೋಸ್ ಮತ್ತು ಅವುಗಳ ಉಪನದಿಗಳ ದಂಡೆಯಲ್ಲಿವೆ. ಶಿಂತುಯಾ, ಕಿರಿಗೆತಿ, ತಿಂಪಿಯಾ, ಸೆಪಾಹುವಾಗಳಲ್ಲಿ ಹಳೆಯ ಮಿಷನ್ ಠಾಣೆಗಳಿವೆ. ವಿಕಾರಿಯೇಟ್‌ನ ಶಾಲಾ ಜಾಲ 1950ರ ದಶಕದಿಂದ ಈ ಊರುಗಳಲ್ಲಿ ಬೆಳೆದು ಬಂದಿದೆ. ಡೊಮಿನಿಕನ್ ಸಭೆಯ ಹೋಸೆ ಆಲ್ವಾರೆಸ್ ಅವರನ್ನು ಹರಕ್‌ಬುಟ್ ಜನ ‘ಅಪಾಕ್ತೊನೆ’ ಎಂದು ಪ್ರೀತಿಯಿಂದ ಕರೆದದ್ದು ಅಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅಸೆನ್ಸಿಯೋನ್ ನಿಕೋಲ್ ಎಂಬ ಧರ್ಮಭಗಿನಿ 1915ರಲ್ಲಿ ಅಲ್ಲಿಗೆ ತಲುಪಿ, 1918ರಲ್ಲಿ ಮೊದಲ ವಿಕಾರ್ ರಾಮೋನ್ ಸುಬಿಯೆತಾ ಅವರೊಡನೆ ಒಂದು ಮಿಷನರಿ ಸಭೆಯನ್ನೇ ಕಟ್ಟಿದರು. 2005ರಲ್ಲಿ ಅವರನ್ನು ಧನ್ಯೆ ಎಂದು ಘೋಷಿಸಲಾಯಿತು. ಆದರೆ ನೆನಪುಗಳೆಲ್ಲ ಸಿಹಿಯಲ್ಲ. ರಬ್ಬರ್ ಕಾಲದಲ್ಲಿ, 1890ರ ದಶಕದಲ್ಲಿ, ರಬ್ಬರ್ ವ್ಯಾಪಾರಿ ಫಿತ್ಸ್‌ಕರಾಲ್ದ್‌ನ ಜನ ಹರಕ್‌ಬುಟ್ ಮಂದಿಯ ಹತ್ಯಾಕಾಂಡ ನಡೆಸಿದರು. ಹೊರಗಿನಿಂದ ಬಂದವನನ್ನು ಅಲ್ಲಿಯವರು ಮೊದಲು ಅಳೆದು ನೋಡುತ್ತಾರೆ ಎಂದರೆ ಅದಕ್ಕೆ ಕಾರಣವಿದೆ.

ಸಂಪರ್ಕಕ್ಕೆ ಬಾರದ ಮಾಶ್ಕೊ ಪಿರೊ ಜನರ ಬಳಿಗೆ ಮಿಷನರಿಗಳನ್ನು ಕಳಿಸುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರಿಗೆ ನಮ್ಮ ನೆಗಡಿ, ದಡಾರವೂ ಪ್ರಾಣಾಂತಿಕ. ಅವರ ಪ್ರತ್ಯೇಕತೆಯನ್ನು ಕಾಪಾಡಲು ಪೆರುವಿನಲ್ಲಿ 2006ರಿಂದ ಕಾಯಿದೆ (28736) ಇದೆ. ದಂಡೆಯಲ್ಲಿ ಅವರು ಕಂಡರೆ ದೋಣಿ ನಿಲ್ಲಿಸಬಾರದು, ಬಟ್ಟೆ, ಬಾಳೆಗೊನೆ ಏನನ್ನೂ ಇಟ್ಟು ಬರಬಾರದು. ಇದನ್ನು ತಮ್ಮನವರು ಮೊದಲ ದಿನವೇ ತಿಳಿದಿರಬೇಕು, ಏಕೆಂದರೆ ಕರುಣೆಯಿಂದ ಕೊಟ್ಟ ಒಂದು ಹಳೇ ಅಂಗಿ ಊರಿಗೆ ಊರನ್ನೇ ಮಲಗಿಸಬಲ್ಲದು.

ನಿಜವಾದ ಅಪಾಯಗಳು ಬೇರೆ. ನನ್ನ ಪಟ್ಟಿಯಲ್ಲಿ ಮೊದಲನೆಯದು ಹೊಳೆ. ಸುಮಾರು ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ; ಆಗ ಪ್ರವಾಹದಲ್ಲಿ ಇಡೀ ಮರಗಳು ತೇಲಿ ಬರುತ್ತವೆ, ಅರ್ಧ ಮುಳುಗಿದ ದಿಮ್ಮಿ ಕಾಣುವುದಿಲ್ಲ. ಚಿಕ್ಕ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಪ್ರೊಪೆಲ್ಲರ್ ದಿಮ್ಮಿಗೆ ಬಡಿದರೆ ಗೇರು ಉಳಿಯಲೆಂದು ಒಂದು ಸಣ್ಣ ಪಿನ್ ಮುರಿಯುವಂತೆ ಮಾಡಿರುತ್ತಾರೆ. ಪಿನ್ ಮುರಿದ ಕ್ಷಣಕ್ಕೆ ಎಂಜಿನ್ ಓಡುತ್ತಲೇ ಇರುತ್ತದೆ, ದೋಣಿ ಮಾತ್ರ ಸೆಳವಿನ ಪಾಲು. ಬದಲಿ ಪಿನ್ನುಗಳು, ಇಕ್ಕಳ, ಬದಲಿ ಸ್ಪಾರ್ಕ್ ಪ್ಲಗ್ ಮತ್ತು ಎರಡು ಹುಟ್ಟು ಇಲ್ಲದ ದೋಣಿಗೆ ಕಾಲಿಡಬಾರದು. ಟೂ-ಸ್ಟ್ರೋಕ್ ಎಂಜಿನ್ 50ಕ್ಕೆ 1ರ ಮಿಶ್ರಣ ಕೇಳುವಂಥದ್ದಾದರೆ 20 ಲೀಟರ್ ಪೆಟ್ರೋಲಿಗೆ 400 ಮಿಲಿ ಎಣ್ಣೆ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಪ್ಲಗ್‌ಗೆ ಮಸಿ ಕಟ್ಟಿ ನಡು ಹೊಳೆಯಲ್ಲಿ ಎಂಜಿನ್ ನಿಲ್ಲುತ್ತದೆ. ಕಣ್ಣಳತೆ ಸಾಲದು, ಅಳತೆಯ ಡಬ್ಬಿಯೇ ಬೇಕು. ಲೈಫ್ ಜಾಕೆಟನ್ನು ಸೀಟಿನ ಕೆಳಗಿಡದೆ ಮೈಮೇಲೆ ಹಾಕಿಕೊಳ್ಳಬೇಕು. ಕತ್ತಲಾದ ಮೇಲೆ ಪ್ರಯಾಣವಿಲ್ಲ. ಪಾದ್ರಿ ತಾನೇ ದೋಣಿ ನಡೆಸುವ ಹುಮ್ಮಸ್ಸು ತೋರಬಾರದು. ಹೊಳೆಯ ಮರಳು ಪ್ರತಿ ಮಳೆಗೆ ಜಾಗ ಬದಲಿಸುತ್ತದೆ, ಅದನ್ನು ಓದಬಲ್ಲವನು ಆ ಊರಿನ ದೋಣಿಯವನು ಮಾತ್ರ. ಉರುಬಾಂಬಾದ ಪೊಂಗೊ ದೆ ಮೈನಿಕೆ ಕಂದರದಲ್ಲಂತೂ ಆತ ಇವತ್ತು ಬೇಡ ಎಂದರೆ ಬೇಡ.

ಎರಡನೆಯದು ರೋಗ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲು, ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಬೇಕು. ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ರಜೆಗೆ ಊರಿಗೆ ಬರುವಾಗಲೂ ಅದು ಕೈಯಲ್ಲಿರಬೇಕು: ಪೆರುವಿನಂಥ ದೇಶದಿಂದ ಬಂದವರಲ್ಲಿ ಅದಿಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ರಕ್ತ ಹೀರುವ ಬಾವಲಿಗಳಿಂದ ರೇಬಿಸ್ ಬರುವ ಪ್ರದೇಶವಾದ್ದರಿಂದ ರೇಬಿಸ್ ಲಸಿಕೆಯನ್ನು ಮುಂಚೆಯೇ ಹಾಕಿಸುವುದು ಒಳ್ಳೆಯದು. ಡೆಂಗಿ, ಮಲೇರಿಯಾ ನಮಗೆ ಗೊತ್ತಿರುವಂಥವೇ. ಗೊತ್ತಿಲ್ಲದ್ದು ಲೀಶ್ಮೇನಿಯಾಸಿಸ್. ಸಣ್ಣ ನೊಣದ ಕಡಿತದಿಂದ ಚರ್ಮದ ಮೇಲೆ ನೋವಿಲ್ಲದ ಹುಣ್ಣಾಗಿ ವಾರಗಟ್ಟಲೆ ಮಾಯುವುದಿಲ್ಲ. ಊರಿಗೆ ಬಂದ ಮೇಲೆ ಕಾಣಿಸಿಕೊಂಡರೆ ಇಲ್ಲಿನ ವೈದ್ಯರಿಗೆ ಅಮೆಜಾನಿನಲ್ಲಿದ್ದೆ ಎಂದು ತಾವಾಗಿಯೇ ಹೇಳಬೇಕು, ಇಲ್ಲವಾದರೆ ಅವರಿಗೆ ಹೊಳೆಯುವುದು ಕಷ್ಟ.

ಇನ್ನು ಚಿನ್ನ. ಅಕ್ರಮ ಗಣಿಯವರು ಮರಳಿನ ಚಿನ್ನವನ್ನು ಪಾದರಸದಿಂದ ಹಿಡಿಯುತ್ತಾರೆ. ಅದು ಹೊಳೆ ಸೇರಿ ಮೀನಿನೊಳಗೆ ಹೋಗುತ್ತದೆ. 2016ರಲ್ಲಿ ಪೆರು ಸರ್ಕಾರ ಇದೇ ಕಾರಣಕ್ಕೆ ಮಾದ್ರೆ ದೆ ದಿಯೋಸ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಿಸಿತ್ತು. ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನುಗಳಲ್ಲಿ ಪಾದರಸ ಹೆಚ್ಚು ಶೇಖರವಾಗುವುದರಿಂದ ಸೊಪ್ಪುಸದೆ, ಹಣ್ಣು ತಿನ್ನುವ ಮೀನು ವಾಸಿ. ಗಣಿ ಶಿಬಿರಗಳ ಸುತ್ತ ಹೆಣ್ಣುಮಕ್ಕಳ ಸಾಗಾಟವೂ ಇದೆ. ಪೋಪ್ ಫ್ರಾನ್ಸಿಸ್ 2018ರ ಜನವರಿ 19ರಂದು ಪುಯೆರ್ಟೊ ಮಾಲ್ಡೊನಾಡೊಕ್ಕೇ ಬಂದು, ಅಮೆಜಾನಿನ ಮೂಲ ಜನರಿಗೆ ತಮ್ಮ ನೆಲದಲ್ಲೇ ಇಷ್ಟು ಬೆದರಿಕೆ ಹಿಂದೆಂದೂ ಇದ್ದಿರಲಿಕ್ಕಿಲ್ಲ ಎಂಬ ಮಾತಾಡಿದ್ದರು. ಧರ್ಮಸಭೆ ಅಲ್ಲಿ ಈ ವಿಷಯಗಳಲ್ಲಿ ಬಾಯಿ ತೆರೆಯುತ್ತದೆ, ಹಾಗಾಗಿ ವಿರೋಧವೂ ಕಟ್ಟಿಕೊಳ್ಳುತ್ತದೆ. ಹೊಸಬರಾದ ತಮ್ಮನವರು ಮೊದಲ ಒಂದೆರಡು ವರ್ಷ ಒಬ್ಬರೇ ಮುಂದೆ ನಿಲ್ಲದೆ, ವಿಕಾರಿಯೇಟ್ ತೆಗೆದುಕೊಂಡ ನಿಲುವಿನ ಜೊತೆ ನಿಲ್ಲುವುದು ವಿವೇಕ.

ಇಷ್ಟೆಲ್ಲ ಆದರೂ, ಅಲ್ಲಿಗೆ ಹೋದ ಗುರುಗಳನ್ನು ಹೆಚ್ಚು ಕಾಡುವುದು ಏಕಾಂತ ಮತ್ತು ಕೆಲಸದ ಲಯ. ಇಲ್ಲಿ ದಿನವೂ ಬಲಿಪೂಜೆ, ಭಾನುವಾರ ತುಂಬಿದ ಗುಡಿ. ಹೊಳೆಯ ಊರುಗಳಿಗೆ ಗುರು ವರ್ಷಕ್ಕೆ ಕೆಲವೇ ಸಲ ಹೋಗಬಲ್ಲ. ಉಳಿದ ದಿನ ಪ್ರಾರ್ಥನೆ ನಡೆಸುವುದು, ಜ್ಞಾನಸ್ನಾನ ಕೊಡುವುದು, ಸತ್ತವರನ್ನು ಮಣ್ಣು ಮಾಡುವುದು ಊರಿನ ಉಪದೇಶಿಗಳು ಮತ್ತು ಧರ್ಮಭಗಿನಿಯರು. ‘ನಾನು ಬಂದೆ, ಇನ್ನು ಎಲ್ಲ ನಾನೇ’ ಎಂದು ಹೊರಟ ಗುರು ಬೇಗ ದಣಿಯುತ್ತಾನೆ, ಊರನ್ನೂ ಕೆಡಿಸುತ್ತಾನೆ. ಈ ಕೊರತೆಗೆ ವಿವಾಹಿತರಿಗೆ ಗುರುದೀಕ್ಷೆ ಕೊಡಬಹುದೇ ಎಂಬ ಸಲಹೆ 2019ರ ಅಮೆಜಾನ್ ಸಿನೋಡಿನಲ್ಲಿ (ಬಿಷಪರ ಸಭೆಯಲ್ಲಿ) ಬಂದಿತ್ತು. ಪೋಪ್ ಫ್ರಾನ್ಸಿಸ್ ಅವರ 2020ರ ಫೆಬ್ರವರಿಯ ಪತ್ರ ಅದಕ್ಕೆ ಅನುಮತಿ ಕೊಡಲಿಲ್ಲ.

ಒಂದು ಊರಿಗೆ ಹೋದ ದಿನ ಏನಾಗುತ್ತದೆ ನೋಡಿ. ಹತ್ತಾರು ಮಕ್ಕಳ ಜ್ಞಾನಸ್ನಾನ, ಎರಡು ಮದುವೆ, ರೋಗಿಗಳ ಅಭ್ಯಂಗ (ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರ), ಎಲ್ಲ ಒಟ್ಟಿಗೆ. ಬಲಿಪೂಜೆಯ ಅಪ್ಪ (ತೆಳು ರೊಟ್ಟಿ ಬಿಲ್ಲೆ) ಗಾಳಿಯ ತೇವಕ್ಕೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಆ ಪ್ರವಾಸಕ್ಕೆ ಬೇಕಾದಷ್ಟನ್ನೇ ಒಯ್ಯಬೇಕು. ಎಡವಟ್ಟಾಗುವುದು ಬಹಳಮಟ್ಟಿಗೆ ದಾಖಲೆಯಲ್ಲಿ. ಸ್ಪ್ಯಾನಿಷ್ ಪದ್ಧತಿಯಲ್ಲಿ ಹೆಸರಿನ ನಂತರ ಮೊದಲು ತಂದೆಯ ಮನೆತನ, ಆಮೇಲೆ ತಾಯಿಯ ಮನೆತನ. ಇನಿಷಿಯಲ್ ಹಾಕಿ ರೂಢಿಯಾದ ನಮ್ಮವರು ಒಂದನ್ನು ಬಿಡುತ್ತಾರೆ, ಇಲ್ಲವೇ ಅದಲುಬದಲು ಮಾಡುತ್ತಾರೆ. ಇಪ್ಪತ್ತು ವರ್ಷದ ಮೇಲೆ ಆ ಮಗು ಮದುವೆಗೆ ಪ್ರಮಾಣಪತ್ರ ಕೇಳಿದಾಗ ಪುಸ್ತಕದಲ್ಲಿ ಅಂಥ ಹೆಸರೇ ಸಿಗುವುದಿಲ್ಲ. ತಂದೆತಾಯಿಯ ಗುರುತಿನ ಚೀಟಿ ನೋಡಿಯೇ ಬರೆಯಬೇಕು, ಅದರ 8 ಅಂಕಿಯ ಸಂಖ್ಯೆಯನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಬೇಕು. ಮಗು ಹುಟ್ಟಿದ ದಿನ ಮತ್ತು ಊರು, ಜ್ಞಾನಪಿತ ಅಥವಾ ಜ್ಞಾನಮಾತೆ, ಜ್ಞಾನಸ್ನಾನ ಕೊಟ್ಟವರು ಯಾರು, ಎಲ್ಲಿ, ಎಂದು, ಇವೆಲ್ಲ ಅದೇ ದಿನ ಕೈಪುಸ್ತಕಕ್ಕೆ ಹೋಗಬೇಕು. ಬಿಡಿ ಹಾಳೆ ಬೇಡ. ಪುಟದ ಫೋಟೊ ತೆಗೆದು, ಠಾಣೆಗೆ ಮರಳಿದ ಮರುದಿನವೇ ದೊಡ್ಡ ಪುಸ್ತಕಕ್ಕೆ ಏರಿಸಬೇಕು. ಉಪದೇಶಿ ತಾನು ಕೊಟ್ಟ ಜ್ಞಾನಸ್ನಾನಗಳನ್ನು ಬರೆದಿಟ್ಟಿರುತ್ತಾನೆ. ಅದನ್ನು ಕೇಳಿ ಪಡೆಯದಿದ್ದರೆ ಅದೇ ಮಗುವಿಗೆ ಎರಡನೇ ಸಲ ಕೊಡುವ ತಪ್ಪು ಆಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಹಿಂದೆ ಯಾರು ನಿಲ್ಲುತ್ತಾರೆ ಎಂಬುದು. ಧರ್ಮಪ್ರಾಂತ್ಯದ ಗುರುವನ್ನು ಹೀಗೆ ಎರವಲು ಕೊಡುವ ಪದ್ಧತಿಗೆ 12ನೇ ಪಿಯುಸ್ ಅವರ 1957ರ ವಿಶ್ವಪತ್ರದಿಂದಾಗಿ ‘ಫಿದೇಯಿ ದೋನುಮ್’ ಎಂಬ ಹೆಸರು ಬಂದಿದೆ. ಹೋದವರು ತಮ್ಮ ಮೂಲ ಧರ್ಮಪ್ರಾಂತ್ಯದವರಾಗಿಯೇ ಉಳಿಯುತ್ತಾರೆ. ಐದು ವರ್ಷದ ಮೇಲೆ ತಾನಾಗಿಯೇ ಅಲ್ಲಿಯವರಾಗುತ್ತಾರೆ ಎಂಬ ಮಾತು 268ನೇ ನಿಯಮವನ್ನು ಅರ್ಧ ಓದಿದ್ದರಿಂದ ಹುಟ್ಟಿದೆ. ಐದು ವರ್ಷ ಕಳೆದು, ಗುರು ತಾನೇ ಹಾಗೆ ಬಯಸುತ್ತೇನೆಂದು ಇಬ್ಬರೂ ಬಿಷಪರಿಗೆ ಲಿಖಿತವಾಗಿ ತಿಳಿಸಿ, ನಾಲ್ಕು ತಿಂಗಳೊಳಗೆ ಇಬ್ಬರಲ್ಲಿ ಯಾರೂ ಲಿಖಿತವಾಗಿ ವಿರೋಧಿಸದಿದ್ದರೆ ಮಾತ್ರ ಹಾಗಾಗುತ್ತದೆ. ತಮ್ಮನವರು ಬರೆಯದಿದ್ದರೆ ಏನೂ ಬದಲಾಗದು. ನ್ಯಾಯವಾದ ಕಾರಣವಿದ್ದರೆ ಅವಧಿಗೆ ಮೊದಲೇ ನಿಮ್ಮ ಬಿಷಪರು ವಾಪಸ್ ಕರೆಸಬಹುದು, ಅಲ್ಲಿನ ಬಿಷಪರು ಮುಂದೆ ಇರಲು ಅನುಮತಿ ನಿರಾಕರಿಸಲೂಬಹುದು. ಎರಡೂ ಕಡೆ ಒಪ್ಪಂದದ ಷರತ್ತು ಮೀರಬಾರದು ಎಂದು 271ನೇ ನಿಯಮ ಹೇಳುತ್ತದೆ.

ಆ ಒಪ್ಪಂದವೇ ಜೀವಾಳ. ಗುರುಗಳ ಹಂಚಿಕೆ ಕುರಿತು ರೋಮ್ 1980ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಇಬ್ಬರು ಬಿಷಪರು ಮತ್ತು ಗುರು ಕೂಡಿ ಅದನ್ನು ಬರೆಯಬೇಕು. ಅವಧಿ ಎಷ್ಟು, ಕೆಲಸ ಯಾವುದು, ವಾಸ ಎಲ್ಲಿ, ನೆರವು ಏನು, ಕಾಯಿಲೆ, ಅಂಗವೈಕಲ್ಯ, ಮುಪ್ಪಿಗೆ ಭದ್ರತೆ ಏನು ಎಂಬುದೆಲ್ಲ ಅದರಲ್ಲಿರಬೇಕು. ಎಷ್ಟೋ ಕಡೆ ಬರೀ ಎರಡು ಸೌಜನ್ಯದ ಪತ್ರಗಳಲ್ಲಿ ಮುಗಿಸಿಬಿಡುತ್ತಾರೆ. ಆಮೇಲೆ ಕಿಡ್ನಿಗೋ ಬೆನ್ನಿಗೋ ಶಸ್ತ್ರಚಿಕಿತ್ಸೆ ಬೇಕಾದಾಗ ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರಿಗೂ ದುರುದ್ದೇಶ ಇರುವುದಿಲ್ಲ, ಯಾರ ಖಾತೆ ಎಂದು ಬರೆದಿರುವುದಿಲ್ಲ ಅಷ್ಟೆ. ಹೊಳೆಯ ಠಾಣೆಯಿಂದ ಲಿಮಾಕ್ಕೆ ತುರ್ತಾಗಿ ಸಾಗಿಸುವ ಖರ್ಚು ವಿಮೆಯೊಳಗೆ ಬರುತ್ತದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಬಹಳ ಸಲ ಅದು ಇರುವುದಿಲ್ಲ.

ಸಂಬಳ ಎನ್ನುವಂಥದ್ದು ನಿರೀಕ್ಷಿಸಬೇಡಿ. ವಸತಿ, ಊಟ, ಪ್ರಯಾಣ, ಕೈಖರ್ಚಿಗೆ ಒಂದಿಷ್ಟು. ವಿಕಾರಿಯೇಟ್‌ನ ಆದಾಯ ರೋಮಿನ ವಾರ್ಷಿಕ ಸಹಾಯಧನ (ಅಕ್ಟೋಬರಿನ ಮಿಷನ್ ಭಾನುವಾರದ ನಿಮ್ಮ ಕಾಣಿಕೆಯೂ ಅಲ್ಲಿಗೇ ಸೇರುತ್ತದೆ), ಸ್ಪೇನಿನ ಡೊಮಿನಿಕನ್ನರ ‘ಸೆಲ್ವಾಸ್ ಅಮಸೋನಿಕಾಸ್’ ಸಂಸ್ಥೆಯಂಥ ದಾನಿಗಳು, ಸ್ಥಳೀಯ ಕಾಣಿಕೆ, ಇಷ್ಟೇ. ಅಮ್ಮನಿಗೆ ತಿಂಗಳು ತಿಂಗಳು ತಮ್ಮನವರಿಂದ ಹಣ ಬರುತ್ತಿದ್ದರೆ ಅದು ನಿಲ್ಲಬಹುದು. ಮನೆಯವರು ಈಗಲೇ ಕೂತು ಬೇರೆ ಏರ್ಪಾಟು ಮಾಡಿಕೊಳ್ಳಿ.

ಬೇರೆ ದಾರಿಗಳೂ ಇವೆ. ನೇರವಾಗಿ ಐದು ವರ್ಷಕ್ಕೆ ಸಹಿ ಮಾಡುವ ಬದಲು ಮೂರು ವರ್ಷಕ್ಕೆ ಒಪ್ಪಿ, ನವೀಕರಣಕ್ಕೆ ಅವಕಾಶ ಇಟ್ಟುಕೊಳ್ಳಬಹುದು. ಆದರೆ ಭಾಷೆಗೇ ವರ್ಷ ಹೋಗುವುದರಿಂದ ಮೂರರಲ್ಲಿ ಕೆಲಸಕ್ಕೆ ಸಿಗುವುದು ಎರಡೇ. ಮೊದಲ ವರ್ಷ ಪಟ್ಟಣದಲ್ಲಿ, ಇನ್ನೊಬ್ಬ ಗುರುವಿನ ಜೊತೆ ಎಂದು ಬರೆಸಿಕೊಳ್ಳುವುದು ನನ್ನ ಮಟ್ಟಿಗೆ ಅತ್ಯಂತ ಮುಖ್ಯ ಷರತ್ತು. ಹೊಳೆಯ ಠಾಣೆಗೆ ಒಬ್ಬಂಟಿಯಾಗಿ ನೇರ ಕಳಿಸುವುದಾದರೆ ಬೇಡವೆನ್ನಲಿ. ಮಿಷನ್ ಕೆಲಸಕ್ಕೇ ಜೀವನ ಮುಡಿಪಿಡುವ ಮನಸ್ಸಿದ್ದರೆ ಮಿಷನರಿ ಸಭೆ ಸೇರುವ ದಾರಿಯಿದೆ. ಅಲ್ಲಿ ಕಾಯಿಲೆ, ಮುಪ್ಪಿನ ಹೊಣೆ ಸಭೆಯದು, ಆದರೆ ಮುಂದೆ ಯಾವ ದೇಶಕ್ಕೆ ಎಂಬ ತೀರ್ಮಾನವೂ ಸಭೆಯದೇ ಆಗುತ್ತದೆ.

ಕಾಗದಪತ್ರದ ಕೆಲಸಕ್ಕೆ ಕೆಲವು ತಿಂಗಳು ಬೇಕು. ಪೆರುವಿನಲ್ಲಿ ವಿಕಾರಿಯೇಟ್‌ಗಳಿಗೆ ಪೆರು ಮತ್ತು ವ್ಯಾಟಿಕನ್ ನಡುವಿನ 1980ರ ಒಪ್ಪಂದದಂತೆ ಕಾನೂನು ವ್ಯಕ್ತಿತ್ವ ಇರುವುದರಿಂದ ಧಾರ್ಮಿಕ ವಾಸ್ತವ್ಯದ ವೀಸಾಕ್ಕೆ ಅವರೇ ಅರ್ಜಿದಾರರಾಗಿ ನಿಲ್ಲಬಲ್ಲರು; ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ನೋಡೋಣ ಎನ್ನುವುದಕ್ಕೆ ಒಪ್ಪಬೇಡಿ. ಜನನ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್‌ಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ದಾಖಲೆ ಅಸಲಿ ಎಂಬ ಅಂತರರಾಷ್ಟ್ರೀಯ ದೃಢೀಕರಣ) ಹಾಕಿಸಿದರೆ ಪೆರುವಿನಲ್ಲಿ ನಡೆಯುತ್ತದೆ, ಎರಡೂ ದೇಶಗಳು ಆ ವ್ಯವಸ್ಥೆಯಲ್ಲಿವೆ. ಅದಕ್ಕೆ ಮೊದಲು ಪಾಸ್‌ಪೋರ್ಟ್, ಜನನ ಪತ್ರ, ಅಂಕಪಟ್ಟಿ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿಕೊಳ್ಳಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ವಿಸ್ತರಿಸಿದ ಹೆಸರು ಇದ್ದರೆ ಅಲ್ಲೇ ಅರ್ಜಿ ಸಿಕ್ಕಿಕೊಳ್ಳುತ್ತದೆ.

ಸಾಧ್ಯವಾದರೆ ಹೊಳೆಯ ಮೊದಲ ಪ್ರವಾಸ ಮೇ ತಿಂಗಳ ಮೇಲೆ, ಮಳೆ ಇಳಿದಾಗ ಬರುವಂತೆ ಹೊರಡುವ ದಿನ ಗೊತ್ತು ಮಾಡಿಕೊಳ್ಳಲಿ. ಆಗ ದಕ್ಷಿಣದಿಂದ ‘ಫ್ರಿಯಾಹೆ’ ಎಂಬ ಶೀತಗಾಳಿ ಬೀಸಿ ಕಾಡಿನಲ್ಲೂ ಚಳಿ ಹಿಡಿಯುವುದರಿಂದ ಒಂದು ಸ್ವೆಟರ್ ಪೆಟ್ಟಿಗೆಯಲ್ಲಿರಲಿ. ಲಿಮಾದಿಂದ ವಿಮಾನದಲ್ಲೇ ಹೋಗಲಿ. ಕುಸ್ಕೊದಿಂದ ಬಸ್ಸಿನ ದಾರಿ 4,700 ಮೀಟರ್ ಎತ್ತರದ ಕಣಿವೆ ಹತ್ತಿ ಇಳಿಯುತ್ತದೆ, ಹೊಸಬರಿಗೆ ತಲೆಸುತ್ತು, ವಾಂತಿ ಬರಬಹುದು.

ಅಮ್ಮನ ವಿಷಯವನ್ನು ಒಪ್ಪಂದದಲ್ಲೇ ಎರಡು ಸಾಲಾಗಿ ಬರೆಸಿ: ಎಷ್ಟು ವರ್ಷಕ್ಕೊಮ್ಮೆ ಊರಿಗೆ ರಜೆ, ಟಿಕೆಟ್ ಯಾರದು, ತಾಯಿಗೆ ತೀರಾ ಹುಷಾರಿಲ್ಲದಾಗ ತುರ್ತಾಗಿ ಬರಲು ಹಣ ಎಲ್ಲಿಂದ. ಪೆರು ನಮಗಿಂತ ಹತ್ತೂವರೆ ಗಂಟೆ ಹಿಂದೆ ಇದೆ. ಇಲ್ಲಿ ರಾತ್ರಿ 8 ಗಂಟೆ ಎಂದರೆ ಅಲ್ಲಿ ಬೆಳಿಗ್ಗೆ 9.30, ಪಟ್ಟಣದಲ್ಲಿದ್ದಾಗ ಫೋನಿಗೆ ಅದು ಅನುಕೂಲದ ಹೊತ್ತು. ಹೊಳೆಗೆ ಹೋದಾಗ ವಾರಗಟ್ಟಲೆ ಸುದ್ದಿ ಬರದಿದ್ದರೆ ಗಾಬರಿಯಾಗದಿರಲು, ಹೊರಡುವ ದಿನ ಮತ್ತು ಮರಳುವ ದಿನವನ್ನು ಪ್ರತಿ ಸಲವೂ ಮನೆಗೆ ತಿಳಿಸಿ ಹೋಗಲಿ, ವಿಕಾರಿಯೇಟ್ ಕಚೇರಿಯ ಒಬ್ಬರ ನಂಬರ್ ನಿಮ್ಮ ಬಳಿ ಇರಲಿ.